ರುಚಿ ನೋಡುವ ನೆವವೂ ಕಾಯಕದ ಋಣವೂ

ಶಿವಶರಣರು ಬೋಧಿಸಿದ ಧರ್ಮವು ಗುಹೆಯಲ್ಲಿ ಕುಳಿತವರಿಗಾಗಿ ಹುಟ್ಟಿದುದಲ್ಲ. ಹಗ್ಗ ಹೊಸೆಯುವವನು, ಬಟ್ಟೆ ಒಗೆಯುವವನು, ದೋಣಿ ನಡೆಸುವವನು, ಕೊಟ್ಟು ಕೊಳ್ಳುವ ವ್ಯವಹಾರದ ನಡುವೆ ಬಾಳುವ ಗೃಹಸ್ಥನು, ಇಂಥವರಿಗಾಗಿ ಹುಟ್ಟಿದ ಧರ್ಮವದು. ಆದುದರಿಂದಲೇ ಪೂಜೆಯ ಮಾತಿನಷ್ಟೇ ಲೆಕ್ಕಾಚಾರದ ಮಾತಿಗೂ ಅಲ್ಲಿ ಸ್ಥಾನವುಂಟು. ಪರರ ವಸ್ತುವನ್ನು ಅಪಹರಿಸಲಾಗದೆಂಬ ಬೋಧೆಯನ್ನು ಲಿಂಗವಂತರ ಮನೆಯ ಮಕ್ಕಳು ಅಕ್ಷರಾಭ್ಯಾಸಕ್ಕೆ ಮೊದಲೇ ಕೇಳಿರುತ್ತಾರೆ. ಕೇಳಿದವರೆಲ್ಲರೂ ಒಪ್ಪುತ್ತಾರೆ. ಒಪ್ಪಿದವರಲ್ಲಿ ಯಾವನೂ ತನ್ನನ್ನು ಕಳ್ಳನೆಂದು ಭಾವಿಸುವುದಿಲ್ಲ. ಆದರೆ ಕಳವು ಕಾಲಕ್ಕೆ ತಕ್ಕಂತೆ ವೇಷವನ್ನು ಬದಲಿಸುತ್ತದೆ. ಗೋಡೆಗೆ ಕನ್ನವಿಕ್ಕುವವನನ್ನು ಊರೆಲ್ಲ ಗುರುತಿಸುತ್ತದೆ. "ಕೊಳ್ಳುವುದಕ್ಕೆ ಮುಂಚೆ ಸ್ವಲ್ಪ ರುಚಿ ನೋಡುತ್ತೇನೆ" ಎಂದು ನಯವಾಗಿ ಒಳಗೆ ಬರುವ ಕಳವನ್ನು ಮನೆಯವರೂ ಗುರುತಿಸಲಾರರು. ಈಚೆಗೆ ಅನೇಕ ಸದ್ಭಕ್ತರ ಮನೆಗಳಲ್ಲಿ ಎದ್ದಿರುವ ಇಂಥದೊಂದು ಸಂದೇಹವನ್ನು ಇಲ್ಲಿ ವಿಚಾರಿಸಲಾಗಿದೆ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಮಳೆಯನ್ನು ಅರಿಯದವರಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆ ಮಳೆಯಲ್ಲಿ, ಆಷಾಢ ಶ್ರಾವಣಗಳಲ್ಲಿ ಜನರು ಮನೆಯೊಳಗೇ ಇರಬೇಕಾಗುತ್ತದೆ. ಹಿಂದೆ ಆ ದಿನಗಳಲ್ಲಿ ಜಗುಲಿಯ ಮೇಲೆ ಚೆನ್ನೆಮಣೆ, ಚೌಕಾಬಾರ ನಡೆಯುತ್ತಿದ್ದವು. ರಾತ್ರಿ ಪುರಾಣ ಶ್ರವಣವಿರುತ್ತಿತ್ತು. ಇಂದು ಆ ಜಗುಲಿಯ ಒಂದು ಮೂಲೆಯಲ್ಲಿ ಕಂಪ್ಯೂಟರು ಬಂದು ಕುಳಿತಿದೆ. ಯುವಕರು ಅದರಲ್ಲಿ ವಿಡಿಯೋ ಗೇಮುಗಳನ್ನು ಆಡುತ್ತಾರೆ. ಆಡುವುದೇ ಪಾಪವೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಚೆನ್ನೆಮಣೆಯ ಹುಣಿಸೆ ಬೀಜಕ್ಕೆ ಇಲ್ಲದ ದೋಷ ಕಂಪ್ಯೂಟರಿನ ಆಟಕ್ಕೆ ತಾನಾಗಿ ಬರುವುದಿಲ್ಲ. ವಿಚಾರವಿರುವುದು, ಆ ಆಟವು ಮನೆಯೊಳಗೆ ಯಾವ ಬಾಗಿಲಿನಿಂದ ಬಂದಿತೆಂಬಲ್ಲಿ.

ಆ ಸೀಮೆಯ ಒಂದು ಅಡಿಕೆ ತೋಟದ ಮನೆಯನ್ನು ವಾಚಕರು ಮನಸ್ಸಿನ ಮುಂದೆ ತಂದುಕೊಳ್ಳಲಿ. ಶಿವಮೊಗ್ಗೆಯಲ್ಲಿ ಇಂಜಿನಿಯರಿಂಗ್ ಓದುವ ಮಗನು ರಜೆಗೆ ಮನೆಗೆ ಬಂದಿದ್ದಾನೆ. ತಂದೆಯು ಕೊಳೆರೋಗ ತಗುಲದಂತೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸಿ, ಮೈ ನೆನೆದು ಒಳಗೆ ಬಂದಾಗ, ಮಗನು ಸ್ನೇಹಿತನು ಕೊಟ್ಟ ಪೆನ್‌ಡ್ರೈವಿನಿಂದ ಆಟವೊಂದನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಾನೆ.

"ಇದಕ್ಕೆಷ್ಟು ಕೊಟ್ಟೆ?" ಎಂದು ತಂದೆ ಕೇಳಿದನು.

"ಏನೂ ಕೊಟ್ಟಿಲ್ಲಪ್ಪ. ಇದು ಬೀಗ ಒಡೆದ ಪ್ರತಿ, ಕ್ರ್ಯಾಕ್ ಅನ್ನುತ್ತಾರೆ. ಅಂಗಡಿಯಲ್ಲಿ ಇದಕ್ಕೆ ಮೂರೂವರೆ ಸಾವಿರ. ಆಡಿ ನೋಡಿ, ಚೆನ್ನಾಗಿದ್ದರೆ ಕೊಳ್ಳುತ್ತೇನೆ. ನೋಡದೆ ಅಷ್ಟು ದುಡ್ಡು ಸುರಿಯುವುದು ಹೇಗೆ?"

"ಹೀಗೆ ನೋಡಿದ್ದು ಇದುವರೆಗೆ ಎಷ್ಟು?"

"ಹನ್ನೊಂದು ಇರಬಹುದು."

"ಕೊಂಡದ್ದು?"

ಮಗನು ಸ್ವಲ್ಪ ತಡೆದು, "ಒಂದು" ಎಂದನು. ಆಮೇಲೆ ಅವನೂ ಒಂದು ಮಾತು ಕೇಳಿದನು: "ಮೊನ್ನೆ ಬಿಡುಗಡೆಯಾದ ಸಿನಿಮಾವನ್ನು ಮಾವ ಮೊಬೈಲಿಗೆ ಕಳಿಸಿದಾಗ ಮನೆಯವರೆಲ್ಲ ಕೂತು ನೋಡಿದೆವಲ್ಲಪ್ಪ, ಅದಕ್ಕೆ ಟಿಕೆಟು ಕೊಂಡವರು ಯಾರು?"

ತಂದೆಗೆ ಉತ್ತರ ತೋಚಲಿಲ್ಲ. ದೀಪ ಹಚ್ಚುವ ಹೊತ್ತಾಗಿದ್ದುದರಿಂದ ಅಜ್ಜಿಯು ವಿಭೂತಿಯ ಕರಡಿಗೆಯನ್ನು ತಂದಿಟ್ಟಳು. ಮಾತು ಅಲ್ಲಿಗೆ ನಿಂತಿತು. ಆದರೆ ನಿಂತ ಮಾತು ತೀರಿದ ಮಾತಲ್ಲ. ಆ ಮನೆಯಲ್ಲಿ ಅಂದು ಉಳಿದುಹೋದ ಉತ್ತರವನ್ನು ಹುಡುಕುವುದು ಎಲ್ಲ ಗೃಹಸ್ಥರ ಕರ್ತವ್ಯವಾಗಿದೆ.

ಮೊದಲು ಯುವಕನ ಪಕ್ಷವನ್ನು ಪೂರ್ಣವಾಗಿ ಕೇಳಬೇಕು. ಪೂರ್ವಪಕ್ಷವನ್ನು ಕುಗ್ಗಿಸಿ ಹೇಳಿ ಸಿದ್ಧಾಂತವನ್ನು ಸ್ಥಾಪಿಸುವುದು ಪಂಡಿತರ ಲಕ್ಷಣವಲ್ಲ.

ಒಂದನೆಯದಾಗಿ ಅವನು ಹೇಳುವುದೇನೆಂದರೆ: ಒಬ್ಬನ ಹಸುವನ್ನು ಹೊಡೆದುಕೊಂಡು ಹೋದರೆ ಅವನ ಕೊಟ್ಟಿಗೆ ಬರಿದಾಗುತ್ತದೆ, ಆಟದ ಪ್ರತಿಯನ್ನು ಮಾಡಿಕೊಂಡರೆ ಯಾರ ಕಣಜದಲ್ಲಿಯೂ ಒಂದು ಕಾಳು ಕಡಮೆಯಾಗುವುದಿಲ್ಲ. ಎರಡನೆಯದಾಗಿ: ಮಾರುವವರೂ ಸಾಚಾ ಅಲ್ಲ. 2020ರ ಡಿಸೆಂಬರಿನಲ್ಲಿ ಪೋಲೆಂಡಿನ ಒಂದು ದೊಡ್ಡ ಸಂಸ್ಥೆಯ 'ಸೈಬರ್‌ಪಂಕ್ 2077' ಎಂಬ ಆಟವು ಎಷ್ಟು ಕುಂದುಗಳಿಂದ ಕೂಡಿ ಬಂದಿತೆಂದರೆ, ಸೋನಿ ಸಂಸ್ಥೆಯು ಕೆಲವೇ ದಿನಗಳಲ್ಲಿ ಅದನ್ನು ತನ್ನ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣವನ್ನು ಹಿಂದಿರುಗಿಸಬೇಕಾಯಿತು. ಹೀಗಿರುವಾಗ ಪರೀಕ್ಷಿಸದೆ ಕೊಳ್ಳೆಂದು ಹೇಳುವುದು ಯಾವ ನ್ಯಾಯ? ಮೂರನೆಯದಾಗಿ: ರುಚಿ ನೋಡಿದವನೇ ಮುಂದೆ ಕೊಳ್ಳುತ್ತಾನೆ, ಆದುದರಿಂದ ಇದರಿಂದ ಕರ್ತೃವಿಗೆ ಲಾಭವೇ ಆಗುತ್ತದೆ. ನಾಲ್ಕನೆಯದಾಗಿ: ವಚನಗಳ ತಾಡವೋಲೆಗಳನ್ನು ನಮ್ಮ ಹಿರಿಯರು ಪ್ರತಿ ಮಾಡಿ ಮಾಡಿ ಉಳಿಸಿದರು, ಅದು ಪುಣ್ಯವೆನಿಸಿದರೆ ಇದು ಹೇಗೆ ಪಾಪ? ಐದನೆಯದಾಗಿ: ಹಣವಿಲ್ಲದ ಹುಡುಗನು ಏನು ಮಾಡಬೇಕು?

ಈ ಐದೂ ಹುಡುಗಾಟಿಕೆಯ ಮಾತುಗಳಲ್ಲ. ಮೂರನೆಯದಕ್ಕಂತೂ ಆಧಾರವೂ ಉಂಟು. ಯುರೋಪಿನ ಒಕ್ಕೂಟಕ್ಕಾಗಿ 2015ರಲ್ಲಿ ಸಿದ್ಧವಾಗಿ 2017ರಲ್ಲಿ ಬೆಳಕಿಗೆ ಬಂದ ಒಂದು ಅಧ್ಯಯನವು, ಹೊಸ ಸಿನಿಮಾಗಳನ್ನು ಕದ್ದು ನೋಡುವುದರಿಂದ ಮಾರಾಟಕ್ಕೆ ಧಕ್ಕೆಯಾಗುವುದನ್ನು ಕಂಡಿತು. ಆದರೆ ಆಟಗಳ ವಿಷಯದಲ್ಲಿ ಹಾಗಲ್ಲದೆ, ಅಕ್ರಮವಾಗಿ ಆಡುವುದರಿಂದ ಸಕ್ರಮವಾದ ಖರೀದಿಯು ಹೆಚ್ಚಬಹುದೆಂಬ ಸೂಚನೆಯನ್ನು ಕೊಟ್ಟಿತು. ಧರ್ಮವನ್ನು ಹೇಳುವವರು ಇಂಥ ಸಂಗತಿಯನ್ನು ಮುಚ್ಚಿಡಲಾಗದು. ಮುಚ್ಚಿಟ್ಟು ಗೆದ್ದ ವಾದವು ಮಗನ ಮುಂದೆ ಒಂದು ದಿನ ಸೋಲುತ್ತದೆ. ಆದುದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ, ಕಣಜವು ಬರಿದಾಯಿತೆ ಎಂಬುದಲ್ಲವೆಂದು ಮೊದಲೇ ತಿಳಿಯತಕ್ಕದ್ದು.

ಹಾಗಾದರೆ ಪ್ರಶ್ನೆ ಯಾವುದು? ಅದನ್ನು ತೋರಿಸಿಕೊಟ್ಟವಳು ಆಯ್ದಕ್ಕಿ ಲಕ್ಕಮ್ಮ. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಥೆಯನ್ನು ಭಕ್ತರೆಲ್ಲರೂ ಬಲ್ಲರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಅಗತ್ಯಕ್ಕೆ ಮೀರಿದುದನ್ನು ತಂದ ಕಡೆಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶವಿದು. ಆ ಹಿಡಿ ಅಕ್ಕಿಯಿಂದ ಬಸವಣ್ಣನವರ ಭಂಡಾರವು ಬರಿದಾಗುತ್ತಿರಲಿಲ್ಲ. ಬಿದ್ದ ಅಕ್ಕಿಯನ್ನು ಆಯ್ದುಕೊಳ್ಳಬೇಡವೆಂದು ಯಾರೂ ತಡೆದಿರಲಿಲ್ಲ. ಬಿಟ್ಟಿದ್ದರೆ ಹಕ್ಕಿಗಳು ತಿನ್ನುತ್ತಿದ್ದವು. ಯಾರಿಗೂ ನಷ್ಟವಿಲ್ಲವೆಂಬ ವಾದವು ಸಲ್ಲುವುದಾದರೆ ಅಲ್ಲಿಯೇ ಪರಿಪೂರ್ಣವಾಗಿ ಸಲ್ಲಬೇಕಾಗಿತ್ತು. ಲಕ್ಕಮ್ಮನು ಭಂಡಾರದ ಕಡೆಗೆ ನೋಡಲೇ ಇಲ್ಲ. ಗಂಡನ ಕೈಯ ಕಡೆಗೆ ನೋಡಿದಳು. ಇಂದು ಒಂದು ಹಿಡಿ ಹೆಚ್ಚು ತಂದ ಕೈಯು ನಾಳೆ ಏನನ್ನು ಕಲಿಯುವುದೆಂಬುದೇ ಆಕೆಯ ಚಿಂತೆ. ಹನ್ನೊಂದು ಆಟಗಳನ್ನು ನೋಡಿ ಒಂದನ್ನು ಕೊಂಡ ಯುವಕನ ಕೈಯು ಕಲಿತಿರುವುದೂ ಇದನ್ನೇ: ಬೇಕೆನಿಸಿದೊಡನೆ ಎತ್ತಿಕೊಳ್ಳುವುದು, ಆಮೇಲೆ ಕಾರಣವನ್ನು ಹುಡುಕುವುದು. ಇದೇ ಶಿವಮೊಗ್ಗೆಯ ಸೀಮೆಯಲ್ಲಿ, ಹಿರೇಜಂಬೂರಿನವಳೆಂದು ಪ್ರಸಿದ್ಧಳಾದ ಶರಣೆ ಸತ್ಯಕ್ಕನು ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟೆನೆಂಬ ಛಲವನ್ನು ತೊಟ್ಟವಳು. ಒಡೆಯನು ಕಣ್ಣಿಗೆ ಕಾಣದಿದ್ದರೆ ವಸ್ತುವಿಗೆ ಒಡೆಯನೇ ಇಲ್ಲವೆಂದಾಗುವುದಿಲ್ಲ. ಇಂಟರ್‌ನೆಟ್ಟಿನ ದಾರಿಯಲ್ಲಿ ಬಿದ್ದಿರುವ ಹೊನ್ನಿಗೂ ಈ ಮಾತು ಸಲ್ಲುತ್ತದೆ.

ಇನ್ನು ರುಚಿ ನೋಡುವ ವಿಷಯ. ಪರೀಕ್ಷಿಸಿ ಕೊಳ್ಳುವುದು ತಪ್ಪೆಂದು ಯಾರೂ ಹೇಳಲಾರರು. ಅಡಿಕೆಯ ಮಂಡಿಯಲ್ಲಿ ನಡೆಯುವುದನ್ನು ಮಲೆನಾಡಿನ ಗೃಹಸ್ಥರು ದಿನವೂ ನೋಡುತ್ತಾರೆ. ಹಸವೋ ಬೆಟ್ಟೆಯೋ ರಾಶಿಯೋ ಗೊರಬಲೋ ಎಂಬುದನ್ನು ತಿಳಿಯಲು ವ್ಯಾಪಾರಿಯು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಬಣ್ಣ ನೋಡುತ್ತಾನೆ, ಒಂದನ್ನು ಕತ್ತರಿಸಿಯೂ ನೋಡುತ್ತಾನೆ. ಬೆಳೆಗಾರನು ಬೇಸರಪಡುವುದಿಲ್ಲ, ತಾನೇ ಚೀಲದ ಬಾಯಿ ಬಿಚ್ಚಿಕೊಡುತ್ತಾನೆ. ಆದರೆ ಒಬ್ಬನು ರಾತ್ರಿಯಲ್ಲಿ ಉಗ್ರಾಣದ ಬೀಗ ಒಡೆದು ಹನ್ನೊಂದು ಚೀಲಗಳನ್ನು ಮನೆಗೆ ಸಾಗಿಸಿ, ಎಲ್ಲವನ್ನೂ ಅಗಿದು ನೋಡಿ, ಬೆಳಗ್ಗೆ ಬಂದು ಒಂದು ಚೀಲಕ್ಕೆ ಹಣ ಕೊಟ್ಟು, "ಉಳಿದವು ಹಿಡಿಸಲಿಲ್ಲ" ಎಂದರೆ ಆ ಬೆಳೆಗಾರನು ಏನೆಂದಾನು? ಎರಡು ಕಡೆಯಲ್ಲಿಯೂ ನಡೆದದ್ದು ರುಚಿ ನೋಡುವುದೇ. ಭೇದವಿಷ್ಟೆ: ಮೊದಲನೆಯದರಲ್ಲಿ ಚೀಲದ ಬಾಯಿ ಬಿಚ್ಚಿದವನು ಒಡೆಯ, ಎರಡನೆಯದರಲ್ಲಿ ಒಡೆಯನನ್ನು ಕೇಳಿದವರೇ ಇಲ್ಲ. ಮಾದರಿಯು ಎಷ್ಟಿರಬೇಕೆಂಬುದನ್ನು ನಿಶ್ಚಯಿಸುವ ಅಧಿಕಾರವು ಕೊಡುವವನದೇ ಹೊರತು ಕೊಳ್ಳುವವನದಲ್ಲ. ಆಟವನ್ನು ಮೊದಲಿನಿಂದ ಕಡೆಯವರೆಗೆ ಆಡಿ ಮುಗಿಸಿದ ಮೇಲೆ ಕೊಳ್ಳಲು ಉಳಿಯುವುದೇನು? ಊಟವೆಲ್ಲ ಮುಗಿದ ಮೇಲೆ ರುಚಿಯ ತೀರ್ಪನ್ನು ಹೇಳುವವನು ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುತ್ತಾನೆ.

ಪರೀಕ್ಷೆಯನ್ನು ಯಾರ ಖರ್ಚಿನಲ್ಲಿ ಮಾಡಬೇಕೆಂಬುದಕ್ಕೂ ಈ ನಾಡಿನ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನವಿದೆ. ಆಗುಂಬೆಗೆ ದೂರವಲ್ಲದ ಕವಲೇದುರ್ಗವು ಕೆಳದಿಯ ಅರಸರ ನೆಲೆ. ಆ ವಂಶದ ಶಿವಪ್ಪ ನಾಯಕನು (1645–1660) ನೆಲದ ಕಂದಾಯವನ್ನು ಗೊತ್ತುಮಾಡಿದ ಕ್ರಮವು 'ಶಿಸ್ತು' ಎಂದು ಹೆಸರಾಗಿದೆ. ಕಂದಾಯವನ್ನು ಕಟ್ಟುವುದಕ್ಕೆ ಮೊದಲು ನೆಲದ ಸತ್ವವನ್ನು ಅರಿಯಬೇಕೆಂದು, ಗ್ರಾಮಗಳಲ್ಲಿ ಬಗೆಬಗೆಯ ನೆಲವನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ತನ್ನದೇ ಖರ್ಚಿನಲ್ಲಿ ಸಾಗುವಳಿ ಮಾಡಿಸಿ, ಬೀಜವೆಷ್ಟು, ಕೂಲಿಯೆಷ್ಟು, ಫಸಲೆಷ್ಟು ಎಂದು ಲೆಕ್ಕ ಬರೆಯಿಸಿದನೆಂದು ಚರಿತ್ರಕಾರರು ಹೇಳುತ್ತಾರೆ. ಅವನು ಅರಸ. ರೈತನ ಬೆಳೆಯನ್ನೇ ತರಿಸಿಕೊಂಡು ತಿಂದು ನೋಡಬಹುದಾಗಿತ್ತು, ತಡೆಯುವವರಿರಲಿಲ್ಲ. ಆದರೂ ಪರೀಕ್ಷೆಯ ಭಾರವನ್ನು ತಾನೇ ಹೊತ್ತನು. ತಿಳಿಯಬೇಕೆಂಬ ಇಚ್ಛೆ ಯಾರದೋ ವೆಚ್ಚವೂ ಅವರದೇ ಆಗಿರಬೇಕೆಂಬ ನ್ಯಾಯವನ್ನು ಅವನು ನಡೆದು ತೋರಿಸಿದನು.

"ಮಾರುವವರು ಚೀಲದ ಬಾಯಿ ಬಿಚ್ಚುವುದೇ ಇಲ್ಲವಲ್ಲ!" ಎಂದು ಯುವಕನು ಹೇಳಬಹುದು. ಈ ದೂರು ಒಂದು ಕಾಲಕ್ಕೆ ನಿಜವಾಗಿತ್ತು. ಒಡೆದ ಡಬ್ಬಿಯ ಸಿ.ಡಿ.ಯನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಆ ಕಾಲದಲ್ಲಿಯೂ ಕೆಲವರು ಮಾದರಿಯನ್ನು ಕೊಟ್ಟರು. 1993ರಲ್ಲಿ ಬಂದ 'ಡೂಮ್' ಎಂಬ ಪ್ರಸಿದ್ಧ ಆಟದ ಮೊದಲ ಭಾಗವನ್ನು ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದೆಂದು ಅದರ ಕರ್ತೃಗಳೇ ಬಿಟ್ಟುಕೊಟ್ಟಿದ್ದರು. ಉಳಿದ ಭಾಗ ಬೇಕಾದವರು ಹಣ ಕಳುಹಿಸಬೇಕಾಗಿತ್ತು. ಈಗಂತೂ 'ಡೆಮೋ' ಎಂಬ ಹೆಸರಿನಲ್ಲಿ ಅನೇಕ ಆಟಗಳ ಮಾದರಿಗಳು ದೊರೆಯುತ್ತವೆ. 'ಸ್ಟೀಮ್' ಎಂಬ ದೊಡ್ಡ ಅಂಗಡಿಯು 2015ರಿಂದ, ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಮೆ ಆಡಿದ್ದರೆ ಹಣವನ್ನು ಹಿಂದಿರುಗಿಸುವ ಏರ್ಪಾಡನ್ನು ಮಾಡಿದೆ. ಒಂದೇ ಮನೆಯವರು ಒಬ್ಬರು ಕೊಂಡ ಆಟವನ್ನು ಮತ್ತೊಬ್ಬರು ಆಡುವುದಕ್ಕೂ ಅಲ್ಲಿ ಅವಕಾಶವುಂಟು. ಬೇರೆಯವರು ಆಡುವುದನ್ನು ನೋಡಿ ತಿಳಿಯುವುದಕ್ಕೆ ಯೂಟ್ಯೂಬ್ ಇದೆ. ಇಷ್ಟು ಬಾಗಿಲುಗಳು ತೆರೆದಿರುವಾಗಲೂ ಬೀಗ ಒಡೆದ ಬಾಗಿಲಿನಿಂದಲೇ ಹೋಗುವವನು ರುಚಿ ನೋಡಲು ಹೋದನೆಂದು ನಂಬುವುದು ಕಷ್ಟ.

ಎಲ್ಲ ಅಂಗಡಿಗಳಲ್ಲಿಯೂ ಈ ಸೌಕರ್ಯವಿಲ್ಲವೆಂಬುದು ನಿಜ. ಕುಂದುಳ್ಳ ಸರಕನ್ನು ಒಳ್ಳೆಯದೆಂದು ಮಾರುವುದೂ ಶರಣಧರ್ಮದ ದೃಷ್ಟಿಯಲ್ಲಿ ಕಳವೇ. ಆ ಕಾಯಕವು ಅಶುದ್ಧವೆಂದು ನಿಸ್ಸಂದೇಹವಾಗಿ ಹೇಳಬೇಕು. ಆದರೆ ಅದಕ್ಕೆ ಭಕ್ತನು ಕೊಡತಕ್ಕ ಉತ್ತರ ಕೊಳ್ಳದಿರುವುದು, ದೂರುವುದು, ಹಣವನ್ನು ಹಿಂದಕ್ಕೆ ಕೇಳುವುದು. ಮೇಲೆ ಹೇಳಿದ ಪೋಲೆಂಡಿನ ಆಟದ ವಿಷಯದಲ್ಲಿ, ಹಣ ಕೊಟ್ಟು ಮೋಸಹೋದವರ ಕೂಗೇ ಅಷ್ಟು ದೊಡ್ಡ ಸಂಸ್ಥೆಗಳನ್ನು ಮಣಿಸಿತು. ಕದ್ದು ಆಡಿದವನಿಗೆ ಹಾಗೆ ಕೂಗುವ ಬಾಯಿಯೇ ಇರಲಿಲ್ಲ.

ನಾಲ್ಕನೆಯ ಮಾತು ಲಿಂಗವಂತರಿಗೆ ವಿಶೇಷವಾಗಿ ತಟ್ಟುವಂಥದು. ವಚನಗಳನ್ನು ಪ್ರತಿ ಮಾಡಿದ ಹಿರಿಯರು ಕಳ್ಳರೇ? ಖಂಡಿತವಾಗಿಯೂ ಅಲ್ಲ. ಶರಣರು ತಮ್ಮ ನುಡಿಯನ್ನು ಜಗತ್ತಿಗೆ ತಾವಾಗಿಯೇ ಕೊಟ್ಟರು. ಜೀವನಕ್ಕೆ ಅವರು ಹಿಡಿದದ್ದು ಕಾಯಕವನ್ನು. ನುಲಿಯ ಚಂದಯ್ಯನು ವಚನವನ್ನು ಮಾರಲಿಲ್ಲ, ಹಗ್ಗವನ್ನು ಮಾರಿದನು. ಅವನ ವಚನವನ್ನು ಬರೆದುಕೊಂಡವನು ಪುಣ್ಯವಂತ. ಅವನ ಹಗ್ಗವನ್ನು "ಬಾವಿಗೆ ಇಳಿಬಿಟ್ಟು ನೋಡುತ್ತೇನೆ, ಗಟ್ಟಿಯಾಗಿದ್ದರೆ ಹಣ" ಎಂದು ಹೇಳದೆ ಕೇಳದೆ ಒಯ್ದವನು ಪುಣ್ಯವಂತನಾಗಲಾರನು. ಆಟವನ್ನು ರಚಿಸುವವರಿಗೆ ಆ ಆಟವೇ ಹಗ್ಗ. ಬೆಂಗಳೂರಿನಲ್ಲಿ 1997ರಷ್ಟು ಹಿಂದೆಯೇ ಧ್ರುವ ಇಂಟರ್ಯಾಕ್ಟಿವ್ ಎಂಬ ಸಂಸ್ಥೆಯು ಈ ಕೆಲಸಕ್ಕೆ ತೊಡಗಿತು. ಪುಣೆಯ ಒಂದು ಸಣ್ಣ ತಂಡವು ನಮ್ಮ ಪುರಾಣಗಳ ಛಾಯೆಯಲ್ಲಿ ರಚಿಸಿದ 'ರಾಜಿ' ಎಂಬ ಆಟವು 2020ರಲ್ಲಿ ಹೊರಬಂದಿತು. ಚಿತ್ರ ಬರೆಯುವವರು, ಸಂಗೀತ ಕೂಡಿಸುವವರು, ಲೆಕ್ಕ ಹಾಕುವವರು ಅನೇಕ ವರ್ಷ ದುಡಿದು ಕಟ್ಟಿದ ವಸ್ತುವದು. ಎಲ್ಲಿಯೋ ವಿದೇಶದಲ್ಲಿರುವ ಕುಬೇರನ ಸೊತ್ತೆಂದು ಭಾವಿಸಿ ಎತ್ತಿಕೊಳ್ಳುವವನು, ಆ ಕೈಗಳಲ್ಲಿ ತನ್ನ ಸಹಪಾಠಿಯ ಕೈಯೂ ಇರಬಹುದೆಂಬುದನ್ನು ಮರೆತಿರುತ್ತಾನೆ.

ಉಚಿತವಾಗಿ ಪಡೆದುದೆಲ್ಲ ಕಳವಲ್ಲವೆಂಬುದಕ್ಕೆ ಆಗುಂಬೆಯೇ ಸಾಕ್ಷಿ. ಶಂಕರ್‌ನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನು ಆ ಊರಿನ ಬೀದಿಯಲ್ಲಿ, ಆ ಊರಿನ ದೊಡ್ಡಮನೆಯಲ್ಲಿ ಚಿತ್ರಿಸಿದರು. 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದಾಗ ನಾಡೆಲ್ಲ ಅದನ್ನು ಟಿಕೆಟಿಲ್ಲದೆ ನೋಡಿತು. ಅದು ಕೊಡುವವರು ಕೊಟ್ಟದ್ದು. ವಚನಗಳ ಮುದ್ರಣಕ್ಕಾದರೂ ಯಾರೋ ವೆಚ್ಚವನ್ನು ಹೊತ್ತಿದ್ದಾರೆ. ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಊರೂರು ತಿರುಗಿ ಸಂಗ್ರಹಿಸಿ, ವಚನಸಾಹಿತ್ಯವನ್ನು ಅಚ್ಚು ಹಾಕಿಸುವುದಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯವನ್ನು ಮಾಡಿದರು. 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಇಂದು ಭಕ್ತರ ಮನೆಯಲ್ಲಿ ವಚನದ ಪುಸ್ತಕವಿದ್ದರೆ ಅದರ ಹಿಂದೆ ಒಂದು ಮನೆಯು ಕೈಬಿಟ್ಟುಹೋದ ಕಥೆಯಿದೆ. ಬರೆದುದನ್ನು, ರಚಿಸಿದುದನ್ನು ಪುಕ್ಕಟೆಯಾಗಿ ಬರುವ ವಸ್ತುವೆಂದು ತಿಳಿಯುವ ಮನಸ್ಸಿಗೆ ಈ ಕಥೆ ನೆನಪಿರತಕ್ಕದ್ದು.

ಆಟದ ಲೋಕದಲ್ಲಿಯೇ ನಡೆದ ಒಂದು ದೃಷ್ಟಾಂತವು ಯುವಕರಿಗೆ ಚೆನ್ನಾಗಿ ನಾಟುವುದು. 2013ರಲ್ಲಿ ಇಬ್ಬರು ಅಣ್ಣತಮ್ಮಂದಿರು ಕೂಡಿ, ಆಟ ತಯಾರಿಸುವ ಸಂಸ್ಥೆಯನ್ನು ನಡೆಸುವುದೇ ವಸ್ತುವಾಗಿರುವ 'ಗೇಮ್ ಡೆವ್ ಟೈಕೂನ್' ಎಂಬ ಆಟವನ್ನು ರಚಿಸಿದರು. ಅದನ್ನು ಮಾರಾಟಕ್ಕೆ ಬಿಟ್ಟ ದಿನವೇ, ಬೀಗ ಒಡೆದ ಪ್ರತಿಯೆಂದು ತೋರುವಂತೆ ಮತ್ತೊಂದು ಪ್ರತಿಯನ್ನೂ ತಾವೇ ಗುಟ್ಟಾಗಿ ಹರಡಿದರು. ಆ ಎರಡನೆಯ ಪ್ರತಿಯಲ್ಲಿ ಒಂದು ಚಮತ್ಕಾರವಿತ್ತು: ಆಡುವವನು ಎಷ್ಟೇ ಒಳ್ಳೆಯ ಆಟವನ್ನು ತಯಾರಿಸಿದರೂ ಜನರು ಅದನ್ನು ಕದ್ದು ಆಡುತ್ತಿದ್ದಾರೆಂಬ ಸುದ್ದಿ ಬಂದು, ಅವನ ಸಂಸ್ಥೆಯು ಕ್ರಮೇಣ ದಿವಾಳಿಯಾಗುತ್ತಿತ್ತು. ಮೊದಲ ದಿನದ ಲೆಕ್ಕದಲ್ಲಿ ಹಣ ಕೊಟ್ಟು ಆಡಿದವರು 214 ಮಂದಿ. ಕದ್ದ ಪ್ರತಿಯೆಂದು ನಂಬಿ ಎತ್ತಿಕೊಂಡವರು 3,104 ಮಂದಿ. ಹೀಗೆ ಎತ್ತಿಕೊಂಡವರಲ್ಲಿಯೇ ಕೆಲವರು, ತಮ್ಮ ಆಟದಲ್ಲಿ ಕಳ್ಳರ ಕಾಟದಿಂದ ಬಾಳಲಾಗುತ್ತಿಲ್ಲವೆಂದು ಬಹಿರಂಗವಾಗಿ ಗೋಳಾಡಿದರು! ಪರರ ನೋವು ತನ್ನ ಅಂಗಳಕ್ಕೆ ಬಂದಾಗಲೇ ಮನುಷ್ಯನಿಗೆ ಅದರ ಬಿಸಿ ತಟ್ಟುತ್ತದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಿಲ್ಲ. "ಆಮೇಲೆ ಕೊಳ್ಳುತ್ತೇವೆ" ಎಂದು ಆ ಮೂರು ಸಾವಿರ ಮಂದಿಯಲ್ಲಿ ಎಷ್ಟೋ ಜನರು ಅಂದುಕೊಂಡಿದ್ದಿರಬಹುದು. ಸಾಕ್ಷಿಯಿಲ್ಲದ ಆ ವಾಗ್ದಾನವು ಹೊಸ ಆಟ ಬಂದೊಡನೆ ಹಳೆಯದಾಗುತ್ತದೆ.

ಬಡವನ ಪ್ರಶ್ನೆಯು ಉಳಿದಿದೆ. ಮೂರೂವರೆ ಸಾವಿರ ರೂಪಾಯಿಯೆಂಬುದು ಕೊನೆಗಾರನ ಮನೆಗೆ ಸಣ್ಣ ಮೊತ್ತವಲ್ಲ; ಆ ಹುಡುಗನ ಆಸೆಯನ್ನು ನೋಡಿ ನಗುವವನು ಭಕ್ತನಲ್ಲ. ಆದರೆ ಹಸಿದವನು ಅನ್ನವನ್ನು ತೆಗೆದುಕೊಳ್ಳುವುದಕ್ಕೂ ಬೇಸರ ಕಳೆಯಲು ಆಟವನ್ನು ತೆಗೆದುಕೊಳ್ಳುವುದಕ್ಕೂ ಅಂತರವುಂಟು. ಆಟವಿಲ್ಲದೆ ಪ್ರಾಣ ಹೋಗುವುದಿಲ್ಲ. ಕರ್ತೃಗಳೇ ಉಚಿತವಾಗಿ ಕೊಟ್ಟ ಆಟಗಳು ಎಷ್ಟೋ ಇವೆ. ವರ್ಷದೊಳಗೆ ಅರ್ಧ ಬೆಲೆಗೆ ಇಳಿಯುವ ಆಟಗಳೂ ಇವೆ. ಕಾಯುವುದನ್ನು ಕಲಿಯುವುದು ಸಣ್ಣ ತಪಸ್ಸಲ್ಲ. ಇದ್ದವರಾದರೂ ತಾವು ಕೊಂಡ ಆಟದ ಮುಂದೆ ಇಲ್ಲದವನನ್ನು ಕರೆದು ಕೂರಿಸಿಕೊಂಡು ಆಡಿಸಬಹುದು. ಅದೂ ಒಂದು ಬಗೆಯ ದಾಸೋಹವೇ.

ರಾಜಶಾಸನವೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಸ್ವಂತ ಓದು ಮತ್ತು ಸಂಶೋಧನೆಗಾಗಿ ಕೃತಿಗಳನ್ನು ನ್ಯಾಯವಾಗಿ ಬಳಸುವುದಕ್ಕೆ ಅವಕಾಶ ಕೊಡುವಾಗ ಕಂಪ್ಯೂಟರ್ ಪ್ರೋಗ್ರಾಮನ್ನು ಅದರಿಂದ ಹೊರಗಿಟ್ಟಿದೆ. ಅಕ್ರಮ ಪ್ರತಿಯೆಂದು ತಿಳಿದೂ ಪ್ರೋಗ್ರಾಮನ್ನು ಬಳಸುವವನಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ ದಂಡವನ್ನೂ ಹೇಳಿದೆ. ಲಾಭಕ್ಕಾಗಿ ಅಲ್ಲದಿದ್ದರೆ ನ್ಯಾಯಾಲಯವು ತಕ್ಕ ಕಾರಣಗಳಿಂದ ಸೆರೆವಾಸವನ್ನು ಬಿಟ್ಟು, 50,000 ರೂಪಾಯಿಗಳವರೆಗೆ ದಂಡವನ್ನಷ್ಟೇ ವಿಧಿಸಬಹುದು. ಆದರೆ ಆಗುಂಬೆಯ ಮಳೆಯಲ್ಲಿ ಒಂದು ಮನೆಯ ಮೂಲೆಯಲ್ಲಿ ನಡೆಯುವುದನ್ನು ಯಾವ ಪೋಲೀಸನು ನೋಡಿಯಾನು? ಅಲ್ಲಿಗೆ ತಲುಪುವ ಕಾವಲು ಒಂದೇ. ಲಿಂಗಧಾರಿಯ ಸಾಕ್ಷಿಯು ದೂರದ ದೇಗುಲದಲ್ಲಿಲ್ಲ, ಎದೆಯ ಮೇಲೆಯೇ ಇದೆ.

ಹೀಗೆ ವಿಚಾರಿಸಿದಲ್ಲಿ ಸಿದ್ಧವಾಗುವುದು ಇಷ್ಟು: ಪರೀಕ್ಷಿಸಿ ಕೊಳ್ಳುವುದು ವಿವೇಕ; ಕೊಡುವವನು ಬಿಚ್ಚಿದ ಚೀಲದಿಂದ ಪರೀಕ್ಷಿಸುವುದು ನ್ಯಾಯ; ಬೀಗ ಒಡೆದು ಪರೀಕ್ಷಿಸುವುದು, ಮುಂದೆ ಹಣ ಕೊಡುವ ಸಂಕಲ್ಪವಿದ್ದರೂ, ಕಾಯಕದ ಋಣವನ್ನು ಹೊತ್ತುಕೊಳ್ಳುವುದೇ ಸರಿ. ಆ ಋಣವನ್ನು ಈಗಾಗಲೇ ಹೊತ್ತವನು ಮೂರು ಕೆಲಸಗಳನ್ನು ಮಾಡಬೇಕು. ಆಡಿ ಮುಗಿಸಿದವುಗಳ ಲೆಕ್ಕವನ್ನು ಬರೆದು, ಶಕ್ತಿಯಿದ್ದಂತೆ ಒಂದೊಂದರ ಬೆಲೆಯನ್ನು ತೀರಿಸಬೇಕು. ಆಡದೆ ಉಳಿದವನ್ನು ಅಳಿಸಬೇಕು. ಇನ್ನೊಬ್ಬರಿಗೆ ಹಂಚುವುದನ್ನು ನಿಲ್ಲಿಸಬೇಕು. ಪಡೆದವನ ದೋಷ ಒಂದು ಮನೆಯದು, ಹಂಚಿದವನ ದೋಷ ಹತ್ತು ಮನೆಯದು.

ಮತ್ತೆ ಆ ಅಡಿಕೆ ತೋಟದ ಮನೆಗೆ ಬರೋಣ. ಮಗನು ಕೇಳಿದ ಸಿನಿಮಾದ ಪ್ರಶ್ನೆಗೆ ತಂದೆಯು ಏನು ಹೇಳಬೇಕು? ಇಲ್ಲಿಯೇ ಅನೇಕ ಹಿರಿಯರು ಎಡವುತ್ತಾರೆ. "ಎದುರು ಮಾತನಾಡಬೇಡ" ಎಂದು ಗದರಿಸಿದರೆ ಮಗನ ಬಾಯಿ ಮುಚ್ಚುತ್ತದೆ, ಸಂದೇಹವು ಮುಚ್ಚುವುದಿಲ್ಲ. ಆ ರಾತ್ರಿ ಪೂಜೆಗೆ ಕುಳಿತಾಗ ತಂದೆಯು ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದನೆಂದು ಭಾವಿಸೋಣ. ಅದನ್ನು ಕಂಡ ಅಜ್ಜಿಯು, "ಏನಪ್ಪಾ, ಮನಸ್ಸು ನಿಲ್ಲಲಿಲ್ಲವೆ?" ಎಂದು ಕೇಳಿದಳು.

"ಇಲ್ಲವ್ವಾ. ಮಗನಿಗೆ ಬುದ್ಧಿ ಹೇಳಹೋದೆ. ಅವನು ನನ್ನ ಕೈಯನ್ನೇ ತೋರಿಸಿದ."

"ತೋರಿಸಿದರೆ ಒಳ್ಳೆಯದೇ ಆಯಿತಲ್ಲಪ್ಪಾ. ಲಿಂಗ ಹಿಡಿಯುವುದೂ ಆ ಕೈಯೇ, ಮೊಬೈಲು ಹಿಡಿಯುವುದೂ ಆ ಕೈಯೇ. ತೊಳೆಯುವುದಾದರೆ ಇಬ್ಬರೂ ಕೂಡಿ ತೊಳೆದುಕೊಳ್ಳಿ."

ಮರುದಿನ ತಂದೆಯು ಮಗನನ್ನು ಕರೆದು ಹೇಳಿದನು: "ಸಿನಿಮಾ ನೋಡಿದ್ದು ನನ್ನ ತಪ್ಪು. ಮಾವನಿಗೆ ಇನ್ನು ಕಳಿಸಬೇಡಿರೆಂದು ನಾನೇ ಹೇಳುತ್ತೇನೆ. ಅದು ಮೊಬೈಲಿಗೆ ಸರಿಯಾದ ದಾರಿಯಲ್ಲಿ ಬಂದಾಗ ಮನೆಯ ಲೆಕ್ಕದಲ್ಲಿ ಹಣ ಕಟ್ಟೋಣ. ನಿನ್ನ ಲೆಕ್ಕ ನೀನು ಹೇಳು." ಮಗನು ಕಾಗದದ ಮೇಲೆ ಹನ್ನೊಂದು ಹೆಸರುಗಳನ್ನು ಬರೆದನು. ಕೊಂಡದ್ದು ಒಂದು, ಕಡೆಯವರೆಗೆ ಆಡಿದ್ದು ಇನ್ನೂ ಮೂರು, ಅರ್ಧಕ್ಕೆ ಬಿಟ್ಟದ್ದು ಏಳು. ಏಳನ್ನು ಅಂದೇ ಅಳಿಸಿದನು. ಮೂರರ ಬೆಲೆಯನ್ನು ಕೂಡಿ ನೋಡಿದಾಗ ಅವನ ಮುಖ ಸಣ್ಣದಾಯಿತು.

"ಒಂದೇ ಸಲ ಆಗುವುದಿಲ್ಲಪ್ಪ" ಎಂದನು.

"ಒಂದೇ ಸಲ ಆಗಬೇಕೆಂದು ಹೇಳಿದವರು ಯಾರು? ನಮ್ಮ ತೋಟದ ಸಾಲವನ್ನೂ ಕಂತಿನಲ್ಲಿಯೇ ತೀರಿಸುತ್ತಿದ್ದೇವೆ. ತೀರಿಸುತ್ತೇನೆಂಬುದು ನಿಜವಾಗಿದ್ದರೆ ಸಾಕು."

ಸಾಲಗಾರನು ಕಳ್ಳನಲ್ಲ, ಸಾಲವನ್ನು ಒಪ್ಪಿಕೊಳ್ಳದವನು ಮಾತ್ರ ಕಳ್ಳನಾಗುತ್ತಾನೆ. ಕಾಣದ ಊರಿನ, ಹೆಸರರಿಯದ ಕಾಯಕಜೀವಿಗೆ ಸಲ್ಲಬೇಕಾದುದನ್ನು ಯಾರೂ ಕೇಳದಿದ್ದರೂ ಸಲ್ಲಿಸುವ ಮನಸ್ಸು ಭಕ್ತರ ಮಕ್ಕಳಿಗೆ ಉಂಟಾಗಲಿ. ಅದಕ್ಕೆ ಮೊದಲು ಅವರ ತಂದೆತಾಯಿಗಳಿಗೆ ಉಂಟಾಗಲಿ.